ನಿಮ್ಮ ಹೀರೋ ಯಾರ ಮಾತಿಗೆ ನಿಲ್ಲುತ್ತಾನೆ?

ನಮಸ್ಕಾರ.

ನಮ್ಮ ವಿಶೇಷ ಸಂಚಿಕೆಗೆ ನೀವು ಕಳಿಸಿದ ನೀಳ್ಗತೆ ತಲುಪಿತು. ಮೂವತ್ತೆರಡು ಪುಟವನ್ನೂ ಓದಿದೆ. ಮಾರ್ಕೆಟ್ ಸೀನನ್ನು ಮಾತ್ರ ಮೂರು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ನಿಮ್ಮನ್ನು ಕಾಯಿಸುವುದು ಸರಿಯಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ಸುಮ್ನೆ 'ಬೇಡ' ಎಂದು ಬರೆದು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ನಿಮಗೆ ಬರೆಯುವ ಕೈ ಇದೆ.

ಇದು ಮುಂದೆ ಸಿನಿಮಾ ಆಗಬೇಕು ಎಂಬ ಆಸೆ ಇದೆ ಎಂದು ಪತ್ರದಲ್ಲಿ ಹೇಳಿದ್ದೀರಿ. ಒಳ್ಳೆಯ ಆಸೆ. ಬಯಲುಸೀಮೆಯ ಸಣ್ಣ ಪಟ್ಟಣ, ತರಕಾರಿ ಮಾರ್ಕೆಟ್, ಹಫ್ತಾ ವಸೂಲಿಯ ಗ್ಯಾಂಗು, ಹೊರಗಿನಿಂದ ಬರುವ ರುದ್ರ. ಮೊದಲ ಆರು ಪುಟ ಅವನ ಎಂಟ್ರಿಗೇ ಹೋಗಿದೆ. ಬೂಟು, ಧೂಳು, ಬೆನ್ನು, ಕಡಗ, ಆಮೇಲೆ ಮುಖ. ಅಷ್ಟೂ ಹೊತ್ತು ಅವನು ಎಂಥ ಗಂಡಸು ಅಂತ ಉಳಿದವರು ಹೇಳುತ್ತಲೇ ಇರುತ್ತಾರೆ. ಆಮೇಲೆ ಐದು ಫೈಟು. ಐದರಲ್ಲೂ ಅವನೇ ಗೆಲ್ಲುತ್ತಾನೆ. ಎರಡನೇ ಫೈಟಿನ ಹೊತ್ತಿಗೇ ನನಗೆ ಅವನ ಬಗ್ಗೆ ಇದ್ದ ಆತಂಕ ಹೋಯಿತು. ಅವನಿಗೆ ಏನೂ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಮುಂದಿನ ಪುಟ ಓದುವ ಆತುರವೂ ಹೋಯಿತು.

ನಾನು ಮಾಸ್ ಸಿನಿಮಾ ಬೇಡ ಎನ್ನುವವನಲ್ಲ. ಮುಂದಿನ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆದೇ ಬೆಳೆದವನು. ಹೀರೋ ಬಂದಾಗ ಥಿಯೇಟರ್ ಎದ್ದು ನಿಲ್ಲುವುದು ಎಷ್ಟು ದೊಡ್ಡ ಸಂತೋಷ ಅಂತ ನನಗೂ ಗೊತ್ತು. ಆ ಸಂತೋಷ ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ ಮಾತ್ರ ನಿಮಗೂ ನನಗೂ ಭಿನ್ನಾಭಿಪ್ರಾಯ.

'ನಾಗರಹಾವು' ನೋಡಿರುತ್ತೀರಿ. 1972ರ ಸಿನಿಮಾ, ತ.ರಾ.ಸು. ಅವರ ಕಾದಂಬರಿಗಳನ್ನು ಇಟ್ಟುಕೊಂಡು ಪುಟ್ಟಣ್ಣ ಕಣಗಾಲ್ ಮಾಡಿದ್ದು. ಈಗ ಇನ್ನೊಂದು ಸಲ ನೋಡಿ, ಬರಹಗಾರನ ಕಣ್ಣಿನಿಂದ ನೋಡಿ. ವಿಷ್ಣುವರ್ಧನ್ ಅವರ ರಾಮಾಚಾರಿ ಯಾರಿಗೂ ಬಗ್ಗುವವನಲ್ಲ. ಅವಮಾನ ಮಾಡಿದ ಅಂತ ಕಾಲೇಜಿನ ಪ್ರಿನ್ಸಿಪಾಲರನ್ನೇ ರಾತ್ರೋರಾತ್ರಿ ಕಂಬಕ್ಕೆ ಕಟ್ಟಿಹಾಕುತ್ತಾನೆ. ಇಡೀ ಚಿತ್ರದುರ್ಗ ಅವನ ಸಹವಾಸ ಬೇಡ ಅನ್ನುತ್ತದೆ. ಇಂಥವನು ಚಾಮಯ್ಯ ಮೇಷ್ಟ್ರ ಎದುರು ಮಾತ್ರ ಮಗುವಾಗಿಬಿಡುತ್ತಾನೆ. ಕೆ.ಎಸ್. ಅಶ್ವಥ್ ಅವರ ಮೇಷ್ಟ್ರನ್ನು ನೆನಪಿಸಿಕೊಳ್ಳಿ. ಮೈಯಲ್ಲಿ ಕಸುವಿಲ್ಲ, ಕೈಯಲ್ಲಿ ಅಧಿಕಾರವಿಲ್ಲ. ಒಂದು ಮಾತು ಹೇಳುತ್ತಾರೆ, ಅಷ್ಟೆ. ಆ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ.

ಪುಟ್ಟಣ್ಣ ಅಲ್ಲಿಗೆ ನಿಲ್ಲಿಸಲಿಲ್ಲ, ನೋಡಿ. ಬೇರೆಯವನನ್ನು ಮದುವೆಯಾದ ಅಲಮೇಲುವಿನ ಬದುಕು ಹಾಳಾಗುತ್ತದೆ. ರಾಮಾಚಾರಿ ಅದನ್ನು ಕಣ್ಣಾರೆ ನೋಡುತ್ತಾನೆ. ಹಾಗಾದರೆ ಮೇಷ್ಟ್ರು ಹೇಳಿದ್ದು ಸರಿಯಾಗಿತ್ತಾ? ತಾನು ತಲೆಬಾಗಿದ್ದು ಸರಿಯಾಗಿತ್ತಾ? ಸಿನಿಮಾದ ನಿಜವಾದ ಫೈಟು ಇದು. ಕಂಬದ ಸೀನಿಗೆ ಶಿಳ್ಳೆ ಹೊಡೆದವನೇ ಇಲ್ಲಿ ಗಂಟಲು ಕಟ್ಟಿ ಕೂರುತ್ತಾನೆ. ಆ ಸೀನು ಇಲ್ಲದಿದ್ದರೆ ಈ ಸೀನಿಗೆ ಬಲ ಬರುತ್ತಿರಲಿಲ್ಲ. ಯಾರಿಗೂ ಬಗ್ಗದವನು ಅಂತ ನಮಗೆ ಮೊದಲೇ ಗೊತ್ತಿದೆ, ಅದಕ್ಕೇ ಅವನು ಬಗ್ಗಿದಾಗ ಅಷ್ಟು ನೋವಾಗುತ್ತದೆ.

ನಿಮ್ಮ ರುದ್ರನಿಗೆ ಇಂಥವರು ಯಾರಿದ್ದಾರೆ? ನಾನು ಹುಡುಕಿದೆ. ತಾಯಿ ಫ್ಲ್ಯಾಶ್‌ಬ್ಯಾಕಿನಲ್ಲಿ ಸಾಯುತ್ತಾಳೆ. ಗೆಳೆಯ ಬರೀ ನಗಿಸಲು ಇದ್ದಾನೆ. ನಾಯಕಿ ಎರಡು ಸಲ ಕಿಡ್ನ್ಯಾಪ್ ಆಗುತ್ತಾಳೆ, ಎರಡು ಸಲ ವಾಪಸ್ ಬರುತ್ತಾಳೆ, ಅವನಿಗೆ ಒಂದು ಎದುರು ಮಾತೂ ಆಡುವುದಿಲ್ಲ. ಅವನನ್ನು ತಡೆದು ನಿಲ್ಲಿಸಬಲ್ಲ ಒಬ್ಬರೂ ಈ ಕಥೆಯಲ್ಲಿಲ್ಲ. ಕಥೆ ಅಲ್ಲೇ ಸೋತಿದೆ. ವಿಲನ್ ಎಷ್ಟೇ ದೊಡ್ಡವನಾದರೂ ಆ ಜಾಗ ತುಂಬಲು ಆಗುವುದಿಲ್ಲ. ವಿಲನ್ನನ್ನು ಹೊಡೆದು ಮುಗಿಸಬಹುದು. ಮೇಷ್ಟ್ರನ್ನು ಹೊಡೆಯಲು ಆಗುತ್ತಾ?

ಹೀರೋಗೆ ಶಕ್ತಿ ಜಾಸ್ತಿ ಇರಬೇಕು ಅಂತಲೂ ಇಲ್ಲ. ಶಂಕರ್ ನಾಗ್ ದೂರದರ್ಶನಕ್ಕೆ ಮಾಡಿದ 'ಮಾಲ್ಗುಡಿ ಡೇಸ್' ನಿಮ್ಮ ವಯಸ್ಸಿನವರೂ ನೋಡಿರುತ್ತಾರೆ, ಅಲ್ವಾ? ಆಗುಂಬೆಯಲ್ಲಿ ಚಿತ್ರೀಕರಣ ಆಗಿದ್ದು. ಅದರಲ್ಲಿ ಸ್ವಾಮಿಯ ಒಂದು ಕಥೆ ಇದೆ, ಮೂಲ ಆರ್.ಕೆ. ನಾರಾಯಣ್ ಅವರದು. ಧೈರ್ಯ ಬರಲಿ ಅಂತ ಅಪ್ಪ ಹುಡುಗನನ್ನು ಒಬ್ಬನೇ ಆಫೀಸ್ ಕೋಣೆಯಲ್ಲಿ ಮಲಗಿಸುತ್ತಾರೆ. ಹುಡುಗ ಬೆಂಚಿನ ಕೆಳಗೆ ನುಸುಳಿ ಮುದುಡಿಕೊಳ್ಳುತ್ತಾನೆ. ಕತ್ತಲಲ್ಲಿ ಏನೋ ಸರಿದಾಡುತ್ತದೆ. ದೆವ್ವ ಅಂದುಕೊಂಡು, ಭಯ ತಡೆಯಲಾರದೆ, ಅದರ ಕಾಲು ಹಿಡಿದು ಕಚ್ಚಿಬಿಡುತ್ತಾನೆ. ನೋಡಿದರೆ ಕಳ್ಳ! ಮರುದಿನ ಊರಿಗೆಲ್ಲ ಸ್ವಾಮಿಯೇ ಹೀರೋ. ಆದರೆ ರಾತ್ರಿ ಆದ ಕೂಡಲೇ ಹೋಗಿ ಅಜ್ಜಿ ಪಕ್ಕ ಮಲಗುತ್ತಾನೆ. ಈ ಕಥೆಯಲ್ಲಿ ಹುಡುಗನ ಭಯವನ್ನು ಎಲ್ಲೂ ಮುಚ್ಚಿಟ್ಟಿಲ್ಲ. ನನಗೆ ಸ್ವಾಮಿ ಇಷ್ಟು ಹತ್ತಿರ ಆಗಿದ್ದು ಅದರಿಂದಲೇ.

'ಬಂಗಾರದ ಮನುಷ್ಯ'ದ ರಾಜೀವನೂ ಹಾಗೇ. ಬರಡು ಭೂಮಿಯನ್ನು ಹಸಿರು ಮಾಡಿದವನು, ಅಕ್ಕನ ಮಗ ಆಡಿದ ಮಾತಿಗೆ ಎದುರು ಹೇಳದೆ ಮನೆ ಬಿಟ್ಟು ನಡೆದುಬಿಡುತ್ತಾನೆ. ರಾಜ್‌ಕುಮಾರ್ ಆ ಹೊತ್ತಿನಲ್ಲಿ ಕೈ ಎತ್ತಿದ್ದರೆ ಜನ ಆ ಸಿನಿಮಾವನ್ನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿದ್ದರಾ?

ಭಾಷೆಯ ಬಗ್ಗೆ ಒಂದೇ ಮಾತು. ಪಂಚ್ ಡೈಲಾಗ್ ಪುಟಕ್ಕೆ ನಾಲ್ಕು ಬಂದರೆ ಒಂದಕ್ಕೂ ಪೆಟ್ಟು ಇರುವುದಿಲ್ಲ. ಎರಡು ಉಳಿಸಿ, ಬಾಕಿ ತೆಗೆಯಿರಿ.

ಈಗ ಮಾರ್ಕೆಟ್ ಸೀನಿಗೆ ಬರುತ್ತೇನೆ. ಹದಿನೇಳನೇ ಪುಟ. ಫೈಟು ಮುಗಿದಿದೆ, ಟೊಮೆಟೊ ಕ್ರೇಟುಗಳು ಚೆಲ್ಲಾಪಿಲ್ಲಿಯಾಗಿವೆ. ಸೊಪ್ಪು ಮಾರುವ ಅಜ್ಜಿಯ ತಕ್ಕಡಿ ಮಗುಚಿದೆ. ರುದ್ರ ಬಗ್ಗಿ, ಚರಂಡಿ ಪಕ್ಕ ಬಿದ್ದ ಅರ್ಧ ಕೆಜಿ ಬಟ್ಟನ್ನು ಎತ್ತಿ, ಪಂಚೆಗೆ ಒರೆಸಿ ಅವಳ ಕೈಗೆ ಕೊಡುತ್ತಾನೆ. 'ಕೈ ಸ್ವಲ್ಪ ನಡುಗುತ್ತಿತ್ತು' ಎಂದು ಬರೆದಿದ್ದೀರಿ. ಅಜ್ಜಿ ಬಟ್ಟು ತಗೊಂಡು, 'ಇವತ್ತಿನ ಯಾಪಾರ ಹೋಯ್ತಲ್ಲಪ್ಪ' ಅನ್ನುತ್ತಾಳೆ. ಅವನು ಉತ್ತರ ಹೇಳುವುದಿಲ್ಲ. ಮುಂದಿನ ಸಾಲಿಗೇ ಜೀಪು ಬಂದುಬಿಡುತ್ತದೆ.

ನನ್ನನ್ನು ಮೂರು ಸಲ ಓದಿಸಿದ್ದು ಈ ಐದು ಸಾಲು. ಹನ್ನೆರಡು ಜನರನ್ನು ಹೊಡೆದವನಿಗೆ ಇಲ್ಲಿ ಮಾತು ಹೊರಡಲಿಲ್ಲ. ಅವಳನ್ನು ಕಾಪಾಡಲು ಬಂದವನಿಂದಲೇ ಅವಳ ದಿನದ ಸಂಪಾದನೆ ಹೋಯಿತು. ನಿಮಗೆ ಗೊತ್ತಿಲ್ಲದೆಯೇ ನಿಮ್ಮ ಚಾಮಯ್ಯ ಮೇಷ್ಟ್ರು ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಅಲ್ಲಿ ಕೂತಿದ್ದಾರೆ. ನೀವು ಜೀಪು ಕಳಿಸಿ ಅವರನ್ನು ಬಿಟ್ಟು ಹೊರಟುಹೋದಿರಿ.

ಜೀಪು ಬೇಡ. ರುದ್ರ ಅಲ್ಲೇ ನಿಲ್ಲಲಿ. ಮರುದಿನ ಬೆಳಿಗ್ಗೆ ಅವನು ಅದೇ ಮಾರ್ಕೆಟ್ಟಿಗೆ ಬರಲಿ, ಎಂಟ್ರಿ ಇಲ್ಲದೆ, ಮಾಮೂಲಿ ಗಿರಾಕಿಯ ಹಾಗೆ. ಅಜ್ಜಿ ಅವನ ಜೊತೆ ಏನು ಮಾತಾಡುತ್ತಾಳೆ? ಇನ್ನು ಇಲ್ಲಿ ಹೊಡೆದಾಡಬೇಡ ಅಂತ ಅವಳು ಹೇಳಿ, ಸಂಜೆಗೆ ಗ್ಯಾಂಗು ವಾಪಸ್ ಬಂದರೆ ಅವನು ಏನು ಮಾಡುತ್ತಾನೆ?

ಇಡೀ ಕಥೆ ತಿದ್ದಲು ಹೋಗಬೇಡಿ. ಈ ಒಂದು ಬೆಳಿಗ್ಗೆ, ಆ ಸಂಜೆ, ನಾಲ್ಕೈದು ಪುಟ ಬರೆದು ಕಳಿಸಿ. ಅವಸರವಿಲ್ಲ. ಬಂದ ದಿನವೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ