ಟೆಲಿಮೆಟ್ರಿ: ಹೆಸರು, ಇಮೇಲ್ ಹೋಗದಿದ್ದರೂ ತೊಂದರೆ ಇದೆ

ಟೆಲಿಮೆಟ್ರಿ ಅಂದರೆ ತಂತ್ರಾಂಶವನ್ನು ನಾವು ಹೇಗೆ ಬಳಸುತ್ತೇವೆ ಅನ್ನುವ ಮಾಹಿತಿಯನ್ನು ಅದು ತಾನಾಗಿಯೇ ತಯಾರಕರಿಗೆ ಕಳಿಸುವುದು. ಹೆಸರು, ಇಮೇಲ್ ಏನೂ ಕಳಿಸದ ಟೆಲಿಮೆಟ್ರಿ ಆನ್ ಇದ್ದರೆ ಏನು ಕಷ್ಟ ಅಂತ ಕೇಳಿದ್ದೀರಿ. 2022ರ ಜನವರಿ 13ರಂದು ಫೈರ್‌ಫಾಕ್ಸ್ ಬ್ರೌಸರಿಗೆ ಏನಾಯಿತು ನೋಡಿ. ಟೆಲಿಮೆಟ್ರಿ ಸರ್ವರ್‌ಗಳ ಮುಂದೆ, ಬರುವ ಕೋರಿಕೆಗಳನ್ನು ಅವುಗಳಿಗೆ ಹಂಚುವ ಕ್ಲೌಡ್ ಲೋಡ್ ಬ್ಯಾಲೆನ್ಸರ್ ಇತ್ತು. ಅದರಲ್ಲಿ ಎಚ್‌ಟಿಟಿಪಿ/3 (ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಗಳ ಹೊಸ ಆವೃತ್ತಿ) ಆನ್ ಆಯಿತು. ಬ್ರೌಸರಿನ ಎಚ್‌ಟಿಟಿಪಿ/3 ಕೋಡ್, ಕಳಿಸುವ ಮಾಹಿತಿ ಎಷ್ಟು ಉದ್ದ ಅಂತ ಹೇಳುವ ‘ಕಂಟೆಂಟ್-ಲೆಂತ್’ ಹೆಡರನ್ನು (ಕೋರಿಕೆಯ ತಲೆಬರಹದ ಸಾಲನ್ನು) ಇಂಗ್ಲಿಷಿನ ದೊಡ್ಡಕ್ಷರದಿಂದ ಶುರುವಾಗುವ ರೂಪದಲ್ಲೇ ಹುಡುಕುತ್ತಿತ್ತು. ಟೆಲಿಮೆಟ್ರಿ ಕೋರಿಕೆಯಲ್ಲಿ ಅದು ಸಣ್ಣಕ್ಷರದಲ್ಲಿತ್ತು. ಹೆಡರ್ ಸಿಗದೆ ಕೋಡ್ ಕೊನೆಯಿಲ್ಲದ ಲೂಪ್‌ಗೆ ಬಿತ್ತು, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾ ಉಳಿಯಿತು. ನೆಟ್‌ವರ್ಕ್ ಕೆಲಸವೆಲ್ಲ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದೇ ಸಾಲಿನಲ್ಲಿ, ನಡೆಯುವುದರಿಂದ ಯಾವ ಪುಟವೂ ತೆರೆಯಲಿಲ್ಲ. ಟೆಲಿಮೆಟ್ರಿ ಆಫ್ ಮಾಡಿದರೆ ಬ್ರೌಸರ್ ಮತ್ತೆ ಓಡುತ್ತಿತ್ತು! ಬಳಕೆದಾರರಿಗೆ ಬೇಕಿಲ್ಲದ ಸಂಪರ್ಕವೊಂದು ಬೇಕಾದದ್ದನ್ನೆಲ್ಲ ನಿಲ್ಲಿಸಿತು, ನನ್ನ ಆಕ್ಷೇಪ ಮುಖ್ಯವಾಗಿ ಇದೇ.

ಇನ್ನೊಂದು, ಟೆಲಿಮೆಟ್ರಿ ಅಂಕಿಗಳು ದಾರಿ ತಪ್ಪಿಸಬಹುದು. ಆಫ್ ಮಾಡಿದವರು ಲೆಕ್ಕಕ್ಕೇ ಬರುವುದಿಲ್ಲ. ವರ್ಷಕ್ಕೊಮ್ಮೆ ಒತ್ತಿದರೂ ತುಂಬಾ ಬೇಕಾದ ಬ್ಯಾಕಪ್ ರಿಸ್ಟೋರ್ ಬಟನ್ ಬಳಕೆಯ ಗ್ರಾಫಿನಲ್ಲಿ ಸೊನ್ನೆಯ ಹತ್ತಿರವಿರುತ್ತದೆ. ಆ ಅಂಕಿಯೊಂದನ್ನೇ ನಂಬಿದ ತಂಡ ಅದನ್ನು ತೆಗೆದೇ ಬಿಡಬಹುದು.