ಬರೀ ಕಲ್ಲುಮಣಿಗೆ ಅಷ್ಟೊಂದು ಬೆಲೆಯೇ?

ಪತ್ರ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿನ ನ್ಯೂ ಮೆಕ್ಸಿಕೊ ರಾಜ್ಯದ ಸಾಂಟಾ ಫೆ ಊರಲ್ಲಿ, ಹಳೇ ಅರಮನೆಯ ಜಗಲಿಯಲ್ಲಿ ಬಟ್ಟೆ ಹಾಸಿಕೊಂಡು ಮಣಿಸರ ಮಾರುತ್ತಿದ್ದರು. ಚಿನ್ನವಿಲ್ಲ, ಬೆಳ್ಳಿಯಿಲ್ಲ, ಬರೀ ಕಲ್ಲು. ಆದರೂ ನೂರಾರು ಡಾಲರ್ ಹೇಳಿದರು. ಅದೇ ಬಣ್ಣದ ಸರ ನಮ್ಮೂರ ಜಾತ್ರೆಯಲ್ಲಿ ನೂರು ರೂಪಾಯಿಗೆ ಸಿಗುತ್ತದೆ. ಪ್ರವಾಸಿಗಳೆಂದು ಟೋಪಿ ಹಾಕುತ್ತಾರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲಮ್ಮಾ. ಆ ಜಗಲಿಯಲ್ಲಿ ಕೂರಲು ನಿಯಮವಿದೆ. ನ್ಯೂ ಮೆಕ್ಸಿಕೊದ ಮೂಲನಿವಾಸಿಗಳೇ ಆಗಿರಬೇಕು, ತಾವು ಅಥವಾ ಮನೆಯವರು ಮಾಡಿದ್ದನ್ನೇ ಮಾರಬೇಕು. ನೀವು ಬೆಲೆ ಕೇಳಿದ್ದು ಆ ಮಣಿ ಮಾಡಿದವರನ್ನೇ ಇರಬಹುದು.

ಪ್ಯೂಬ್ಲೊ ಅಂದರೆ ಆ ಮೂಲನಿವಾಸಿಗಳ ಊರು. ಹತ್ತಿರದ ಸಾಂಟೊ ಡೊಮಿಂಗೊ ಪ್ಯೂಬ್ಲೊ ಮಣಿ ಕೆಲಸಕ್ಕೆ ಹೆಸರಾದದ್ದು. ಅಲ್ಲಿಯವರು ಅದನ್ನು ಕೇವಾ ಅನ್ನುತ್ತಾರೆ. ಮಣಿಗೆ ಅವರ ಹೆಸರು ಹೀಶಿ. ಅವರ ಕೆರೆಸ್ ಮಾತಿನಲ್ಲಿ ಹಾಗೆಂದರೆ ಚಿಪ್ಪು. ಕಡಲಿಲ್ಲದ ಆ ಒಣ ಸೀಮೆಗೆ ಮಣಿ ಮಾಡುವ ಚಿಪ್ಪು ಬರುತ್ತಿದ್ದುದು ನೂರಾರು ಮೈಲಿ ದೂರದ ಕ್ಯಾಲಿಫೋರ್ನಿಯಾ ಕೊಲ್ಲಿಯಿಂದ. ಹಸಿರು-ನೀಲಿ ಟರ್ಕ್ವಾಯ್ಸ್ ಕಲ್ಲು ಮಾತ್ರ ಪಕ್ಕದ ಸೆರಿಯೋಸ್ ಗುಡ್ಡದ್ದು. ಅದೇ ರಾಜ್ಯದ ಚಾಕೊ ಕಣಿವೆಯಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಸಮಾಧಿಯೊಂದನ್ನು ಅಗೆದಾಗ ಇಂಥ ಮಣಿಗಳು ಸಾವಿರಗಟ್ಟಲೆ ಸಿಕ್ಕಿದವು.

ಈಗ ಕೆಲಸ ಹೇಗೆ ಅಂತ ಕೇಳಿ. ಕಲ್ಲನ್ನು ತೆಳ್ಳಗೆ ಸೀಳಿ, ಪುಟ್ಟ ಪುಟ್ಟ ಚೌಕ ಮಾಡಬೇಕು. ಒಂದೊಂದಕ್ಕೂ ತೂತು ಕೊರೆಯಬೇಕು. ಹಿಂದೆ ಇದಕ್ಕೆ ಕೈಯಿಂದ ಒತ್ತಿ ತಿರುಗಿಸುವ ಭೈರಿಗೆ ಇತ್ತು. ಆಮೇಲೆ ತಂತಿಗೆ ಪೋಣಿಸಿ, ಇಡೀ ಸರವನ್ನೇ ಸಾಣೆಗೆ ಹಿಡಿದು ಉರುಳಿಸುತ್ತಾರೆ. ಮೂಲೆಗಳು ಸವೆದು ಮಣಿ ಗುಂಡಗಾಗಬೇಕು. ಮೆತ್ತನೆಯ ಕಲ್ಲು ಬೇಗ ಸವೆಯುತ್ತದೆ, ಗಟ್ಟಿಯದು ನಿಲ್ಲುತ್ತದೆ, ಕೆಲವು ಒಡೆದೇ ಹೋಗುತ್ತವೆ. ಕೊನೆಗೆ ನುಣ್ಣನೆಯ ಮರಳು ಕಾಗದ, ನೀರು, ತೊಗಲಿನ ಉಜ್ಜು. ಕೊಂಡು ತಂದ ಕಲ್ಲಿನಲ್ಲಿ ಎಷ್ಟೋ ಪಾಲು ಧೂಳಾಗಿ ಹೋಗುತ್ತದೆ. ಬೆಲೆಯಲ್ಲಿ ಆ ಧೂಳೂ ಸೇರಿದೆ ಅಲ್ವಾ?

ನನಗೆ ತುಂಬಾ ಇಷ್ಟವಾದ ಸಂಗತಿ 1930ರ ದಶಕದ್ದು. ಆರ್ಥಿಕ ಕುಸಿತದ ಕಾಲ, ಒಳ್ಳೇ ಕಲ್ಲು ಕೊಳ್ಳಲು ಕೇವಾದವರ ಬಳಿ ಕಾಸಿಲ್ಲ. ಕಪ್ಪು ಬಣ್ಣಕ್ಕೆ ಹಳೇ ಬ್ಯಾಟರಿಯ ಡಬ್ಬಿ, ಒಡೆದ ಗ್ರಾಮಫೋನ್ ತಟ್ಟೆ. ಕೆಂಪಿಗೆ ಪ್ಲಾಸ್ಟಿಕ್ ಚೂರು. ಅದರಲ್ಲೇ ಗರುಡನಂಥ ಹಕ್ಕಿಯ ಪದಕಗಳನ್ನು ಕೂಡಿಸಿದರು. ಕೈ ಮಾತ್ರ ಅದೇ ಕೈ. ಇವತ್ತು ಸಂಗ್ರಹಕಾರರು ಅವುಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ಜಾತ್ರೆಯ ಸರವನ್ನು ನಾನು ಹೀಗಳೆಯುವುದಿಲ್ಲ. ಅಷ್ಟು ಅಗ್ಗವಾದರೆ ಅದು ಬಣ್ಣ ಹಾಕಿದ ಬಿಳಿ ಕಲ್ಲೋ ಪ್ಲಾಸ್ಟಿಕ್ಕೋ ಇರುತ್ತದೆ. ಹಾಗೆಂದು ಹೇಳಿ ಮಾರಿದರೆ ತಪ್ಪಿಲ್ಲ. ಆದರೆ ಪ್ಯೂಬ್ಲೊದವರ ಹೆಸರು ಹೇಳಿ ಮಾರಿದರೆ ಅವರ ಅನ್ನ ಕಿತ್ತುಕೊಂಡ ಹಾಗೆ. ಅಮೆರಿಕದ 1990ರ ಕಾನೂನಿನ ಪ್ರಕಾರ ಅದಕ್ಕೆ ಜೈಲೂ ಇದೆ, ಭಾರೀ ದಂಡವೂ ಇದೆ.

ಮಗಳು ಅಲ್ಲೇ ಇದ್ದಾರಲ್ಲ, ಇನ್ನೊಮ್ಮೆ ಹೋಗಿ. ಸರವನ್ನು ಬೆರಳ ನಡುವೆ ಮೆಲ್ಲಗೆ ಎಳೆದು ನೋಡಿ. ಒಳ್ಳೇ ಹೀಶಿಯಾದರೆ ಎಲ್ಲೂ ತಡೆಯುವುದಿಲ್ಲ, ಒಂದೇ ಎಳೆಯ ಹಾಗೆ ಜಾರುತ್ತದೆ. ಯಾವ ಕಲ್ಲು, ಯಾರು ಅರೆದದ್ದು ಅಂತ ಅವರನ್ನೇ ಕೇಳಿ. ಕೆಲವು ಸರಗಳ ಕೆಳಗೆ ಮಣಿಯ ಎರಡು ಪುಟ್ಟ ಕುಣಿಕೆ ತೂಗುತ್ತಿರುತ್ತವೆ. ಅವು ಮೊದಲಿಗೆ ಕಿವಿಯ ಆಭರಣ. ಕಿವಿಗೆ ಹಾಕಿಕೊಳ್ಳದಾಗ ಸರಕ್ಕೇ ಕಟ್ಟಿಡುತ್ತಿದ್ದರು.

– ಸಂ.