ಅಮೆರಿಕದ ಓಹಾಯೋ ನದಿಯ ಡೇವಿಸ್ ಐಲೆಂಡ್ ಅಣೆಕಟ್ಟನ್ನು ಮಲಗಿಸುವಂತೆ ಕಟ್ಟಿದ್ದೇಕೆ?

ನದಿ ತುಂಬಿದಾಗ ಕಲ್ಲಿದ್ದಲು ದೋಣಿಗಳಿಗೆ ಅಡ್ಡಿಯಾಗಬಾರದೆಂದು. ಅಣೆಕಟ್ಟು ಬೇಡವೆಂದು ಕಲ್ಲಿದ್ದಲು ಸಾಗಿಸುವವರೇ ಗಟ್ಟಿಯಾಗಿ ವಿರೋಧಿಸಿದ್ದರು.

ಪಿಟ್ಸ್‌ಬರ್ಗ್‌ನ ಕೆಳಹರಿವಿನಲ್ಲಿ 1885ರಲ್ಲಿ ತೆರೆದ ಇದರ ಕೆಲಸ ನೀರಾವರಿಯಲ್ಲ. ನದಿ ಬತ್ತಿದಾಗಲೂ ದೋಣಿ ತೇಲುವಷ್ಟು ಆಳ ಉಳಿಸುವುದು. ಅಡ್ಡಗೋಡೆಯ ಬದಲು ಸಾಲಾಗಿ ಮರದ ಹಲಗೆಗಳು, ಪ್ರತಿಯೊಂದರ ಬೆನ್ನಿಗೂ ಕಬ್ಬಿಣದ ಊರುಗೋಲು. ಊರುಗೋಲು ತಪ್ಪಿಸಿದರೆ ನೀರಿನ ಒತ್ತಡಕ್ಕೇ ಹಲಗೆ ನದಿತಳದಲ್ಲಿ ಮಲಗುತ್ತಿತ್ತು, ದೋಣಿಗಳು ಅದರ ಮೇಲೆಯೇ ಸಾಗುತ್ತಿದ್ದವು. ನೀರಿಳಿದ ಮೇಲೆ ದೋಣಿಯಲ್ಲಿ ನಿಂತು ಒಂದೊಂದನ್ನೇ ಎತ್ತಿ ನಿಲ್ಲಿಸಬೇಕಿತ್ತು. ಬೆವರಿಳಿಸುವ ಕೆಲಸ!

ಹಲಗೆಗಳು ನಿಂತಿರುವಾಗ ದೋಣಿಗಳಿಗೆ ದಾರಿ ಪಕ್ಕದ ಲಾಕ್, ಅಂದರೆ ಎರಡೂ ತುದಿಗೆ ಬಾಗಿಲಿದ್ದು ಒಳಗಿನ ನೀರಿನ ಮಟ್ಟವನ್ನು ಏರಿಸಿ ಇಳಿಸುವ ತೊಟ್ಟಿ. ಉದ್ದ 600 ಅಡಿ, ಅಗಲ 110 ಅಡಿ.

1922ರಲ್ಲಿ ಇದರ ಜಾಗಕ್ಕೆ ಎಮ್ಸ್‌ವರ್ತ್ ಅಣೆಕಟ್ಟು ಬಂತು.